ಎರಡು ಖಾಲಿ ಚೌಕಗಳು

2023ರ ಆಗಸ್ಟ್ 9ರ ಬುಧವಾರ ಸಂಜೆ, ಶಾಲೆ ಮುಗಿಸಿ ಸ್ಕೂಟರಿನಲ್ಲಿ ತಿಪಟೂರಿಗೆ ಮರಳುತ್ತಿದ್ದ ನನಗೆ ತೆಂಗಿನಕಾಯಿ ಹೇರಿಕೊಂಡು ಅಡ್ಡರಸ್ತೆಯಿಂದ ನುಗ್ಗಿದ ಗೂಡ್ಸ್ ಆಟೋ ಗುದ್ದಿತು. ಎಡ ಸೊಂಟದಲ್ಲಿ ತೊಡೆಮೂಳೆಯ ತಲೆ ಕೂರುವ ಬಟ್ಟಲು ಒಡೆದಿತ್ತು. ಹೆಲ್ಮೆಟ್ ಇದ್ದರೂ ತಲೆಯೊಳಗೆ ಸಣ್ಣದೊಂದು ರಕ್ತಸ್ರಾವವಾಗಿತ್ತು. ಮೂಳೆ ಕೂಡಿಸಿದ ಕಥೆಗೆ ಎಕ್ಸ್‌ರೇ ಫಿಲ್ಮುಗಳ ಸಾಕ್ಷಿಯಿದೆ, ನೋಡಲು ಬಂದ ನೆಂಟರಿಗೆಲ್ಲ ಅದನ್ನು ತೋರಿಸಿಯೂ ಆಯಿತು. ಆದರೆ ಆ ದಿನಗಳಲ್ಲಿ ನನ್ನ ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಕಟ್ಟದಂತೆ ನೋಡಿಕೊಂಡ ಕೆಲಸಕ್ಕೆ ಫಿಲ್ಮೂ ಇಲ್ಲ, ಗಾಯದ ಗುರುತೂ ಇಲ್ಲ. ಮೂವತ್ತೊಂದು ಸೂಜಿಗಳ ಆ ಲೆಕ್ಕವನ್ನು, ಗಣಿತ ಕಲಿಸುವವಳಾದ್ದರಿಂದ ಸ್ವಲ್ಪ ವಿವರವಾಗಿಯೇ, ಇಲ್ಲಿ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ, ಪೆಟ್ಟಾದ ಒಂದು ಗಂಟೆಯೊಳಗೆ, ಡ್ರಿಪ್ಪಿನ ಜೊತೆಗೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿಯನ್ನು ಕೊಟ್ಟಿದ್ದರೆಂದು ಅಲ್ಲಿಯ ಚೀಟಿಯಲ್ಲಿ ಬರೆದಿತ್ತು. ಅದು ಕಟ್ಟಿದ ಹೆಪ್ಪು ಕರಗದಂತೆ ಹಿಡಿದಿಟ್ಟು ರಕ್ತಸ್ರಾವವನ್ನು ತಗ್ಗಿಸುವ ಔಷಧಿ. ಪೆಟ್ಟಾದ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನವಂತೆ. ಮೊದಲ ಸಂಜೆ ಹೆಪ್ಪು ಕರಗದಿರಲೆಂದು ಔಷಧಿ ಕೊಡಿಸಿಕೊಂಡ ಅದೇ ದೇಹಕ್ಕೆ ಮೂರನೆಯ ದಿನದಿಂದ ಹೆಪ್ಪು ಕಟ್ಟದಿರಲೆಂದು ಇನ್ನೊಂದನ್ನು ಚುಚ್ಚಲಾರಂಭಿಸಿದರು. ಈ ವಿರೋಧವನ್ನು ನಾನು ಕೇಳಿದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಪಿ.ಜಿ. ಓದುತ್ತಿದ್ದ ತರುಣ ವೈದ್ಯರು ನಕ್ಕು, "ಮೇಡಂ, ಎರಡೂ ಸರಿಯೇ. ಸಮಯ ಮಾತ್ರ ಬೇರೆ" ಎಂದರು. ಅಂದು ಅದು ಜಾರಿಕೆಯ ಉತ್ತರದಂತೆ ಕೇಳಿಸಿತ್ತು. ಮುಂದಿನ ಎರಡು ವಾರಗಳಲ್ಲಿ ಎಲ್ಲವೂ ಸಮಯದ ಮೇಲೆಯೇ ನಿಂತಿದೆ ಎಂದು ತಿಳಿಯಿತು.

ಬೆಂಗಳೂರು ತಲುಪಿದಾಗ ರಾತ್ರಿ ಹನ್ನೊಂದಾಗಿತ್ತು. ತೊಡೆಮೂಳೆಯ ಕೆಳತುದಿಗೆ ಒಂದು ಲೋಹದ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ಕಾಲುತುದಿಯಿಂದ ತೂಕ ಇಳಿಬಿಟ್ಟರು. ಇದಕ್ಕೆ ಟ್ರಾಕ್ಷನ್ ಎನ್ನುತ್ತಾರೆ. ಮಗ್ಗುಲು ಬದಲಿಸುವಂತಿಲ್ಲ, ಏಳುವಂತಿಲ್ಲ. ಬೆಡ್‌ಪ್ಯಾನ್ ಇಡಲು ಇಬ್ಬರು ಬೇಕು. ಬೆಳಗಾಗುವ ಮುಂಚೆ ಎರಡೂ ಮೀನಖಂಡಗಳಿಗೆ ಬಟ್ಟೆಯ ಚೀಲದಂಥದ್ದನ್ನು ಸುತ್ತಿ, ಮಂಚಕ್ಕೆ ನೇತುಹಾಕಿದ ಸಣ್ಣ ಯಂತ್ರದ ಗಾಳಿಕೊಳವೆಗಳನ್ನು ಅವಕ್ಕೆ ಸಿಕ್ಕಿಸಿದರು. ಆ ಚೀಲಗಳು ಸುಮಾರು ನಿಮಿಷಕ್ಕೊಮ್ಮೆ ಉಬ್ಬಿ ಕಾಲನ್ನು ಹಿಸುಕಿ, ಸಡಿಲಗೊಳ್ಳುತ್ತಿದ್ದವು. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಮಲಗಿದವರಿಗೆ ಆ ಕೆಲಸವನ್ನು ಈ ಗಾಳಿ ಮಾಡುತ್ತದೆ. ನಿದ್ದೆ ಬಾರದ ರಾತ್ರಿಗಳಲ್ಲಿ ಅದರ ಉಸಿರನ್ನು ಎಣಿಸುತ್ತ ಮಲಗುವುದು ನನಗೆ ರೂಢಿಯಾಯಿತು.

ಎಣಿಸುತ್ತಿದ್ದುದರಿಂದಲೇ ಒಂದು ಸಂಗತಿ ಗೊತ್ತಾಯಿತು: ಯಂತ್ರ ಓಡಿದ್ದಕ್ಕಿಂತ ನಿಂತಿದ್ದ ಹೊತ್ತೇನೂ ಕಡಿಮೆಯಿರಲಿಲ್ಲ. ಸ್ಕ್ಯಾನಿಗೆ ಒಯ್ಯುವಾಗ ಬಿಚ್ಚಿದ ಚೀಲ ಮರಳಿ ಕಾಲಿಗೆ ಬರುವಷ್ಟರಲ್ಲಿ ಪಾಳಿ ಬದಲಾಗಿರುತ್ತಿತ್ತು. ಮೈ ಒರೆಸಲು ಬಿಚ್ಚಿದ್ದನ್ನು ಮಂಚದ ಕೆಳಗೆ ಇಟ್ಟವರು ಅಲ್ಲಿಯೇ ಮರೆಯುತ್ತಿದ್ದರು. ಒಂದು ರಾತ್ರಿ ಎರಡು ಗಂಟೆಗಳ ಕಾಲ ಕಾಲು ಸುಮ್ಮನಿದ್ದುದನ್ನು ಕಂಡು ಮಗಳನ್ನು ಎಬ್ಬಿಸಿ ನೋಡಿಸಿದರೆ, ಪಕ್ಕದ ಮಂಚದವರ ಜೊತೆಗಿದ್ದ ಹುಡುಗ ಯಂತ್ರದ ಪ್ಲಗ್ ಕಿತ್ತು ಅಲ್ಲಿ ತನ್ನ ಮೊಬೈಲು ಚಾರ್ಜಿಗೆ ಇಟ್ಟಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದು ಏತಕ್ಕೆ ಓಡುತ್ತಿದೆಯೆಂದು ಆ ಕೋಣೆಯಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ. ನನಗೂ ಕೇಳಿದ ಮೇಲೆಯೇ ಹೇಳಿದ್ದು.

ಹೇಳಿದವರು ಅದೇ ತರುಣ ವೈದ್ಯರು. ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಜಾರದಂತೆ ಕವಾಟಗಳಿರುತ್ತವೆ. ಕಾಲು ಅಲುಗಾಡದೆ ಬಿದ್ದುಕೊಂಡಾಗ ಆ ಕವಾಟಗಳ ಸಂದಿಯಲ್ಲಿ ರಕ್ತ ನಿಧಾನವಾಗಿ ನಿಂತು, ಅಲ್ಲಿಂದ ಹೆಪ್ಪು ಕಟ್ಟಲು ಶುರುವಾಗುತ್ತದೆ. ನಮ್ಮೂರಿನ ಕಡೆ ಹೇಮಾವತಿ ನಾಲೆಯಲ್ಲಿ ನೀರು ಮಂದವಾಗುವ ತಿರುವುಗಳಲ್ಲಿ ಹೂಳು ಕೂರುವುದನ್ನು ನೋಡಿದವಳಿಗೆ ಇದು ಬೇಗ ಅರ್ಥವಾಯಿತು. ಆದರೆ ನಿಂತ ರಕ್ತವೊಂದೇ ಕಾರಣವಲ್ಲವಂತೆ. ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ತಿರುಗುವುದು ಎಂಬ ಮೂರು ಕಾರಣಗಳನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಈಗಲೂ ಕಲಿಸುತ್ತಾರೆ. ಸೊಂಟ ಮುರಿದುಕೊಂಡು ಬಂದವರಲ್ಲಿ ಮೂರೂ ಒಟ್ಟಿಗೆ ಸೇರಿರುತ್ತವೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಾಲಿನಲ್ಲೇ ಉಳಿದರೆ ಊತ, ನೋವು. ಕಳಚಿಕೊಂಡು ಹೃದಯದ ಮೂಲಕ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣವೇ ಹೋಗಬಹುದು.

"ಹಾಗಿದ್ದರೆ ಔಷಧಿ ಈಗಲೇ ಯಾಕೆ ಕೊಡುತ್ತಿಲ್ಲ ಸರ್?" ಎಂದು ಮಗಳು ಕೇಳಿದಳು. ಉತ್ತರ ನನ್ನ ತಲೆಯೊಳಗಿತ್ತು. ಹೆಪ್ಪು ತಡೆಯುವ ಔಷಧಿ ಕೊಟ್ಟರೆ ಮಿದುಳಿನ ಬಳಿಯ ರಕ್ತಸ್ರಾವ ಹೆಚ್ಚಬಹುದು. ಕೊಡದಿದ್ದರೆ ಕಾಲಿನಲ್ಲಿ ಹೆಪ್ಪು ಕಟ್ಟಬಹುದು. 10ರ ರಾತ್ರಿ ತಲೆಯ ಸಿ.ಟಿ. ಸ್ಕ್ಯಾನನ್ನು ಮತ್ತೊಮ್ಮೆ ಮಾಡಿದರು. ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲವೆಂದು ಖಚಿತಪಡಿಸಿಕೊಂಡು, ನರಶಸ್ತ್ರಚಿಕಿತ್ಸೆಯ ವೈದ್ಯರು ಕೇಸ್ ಶೀಟಿನಲ್ಲಿ ಒಪ್ಪಿಗೆ ಬರೆದ ಮೇಲೆ, ಇನ್ನೂ ಹೆಚ್ಚುಕಡಿಮೆ ಒಂದು ದಿನ ಕಾದು 11ರ ರಾತ್ರಿ ಎಂಟಕ್ಕೆ ಮೊದಲ ಇಂಜೆಕ್ಷನ್ ಕೊಟ್ಟರು. ಅಲ್ಲಿಯವರೆಗೆ ಆ ಗಾಳಿಯಂತ್ರವೊಂದೇ ನನಗಿದ್ದ ರಕ್ಷಣೆ. ಪ್ಲಗ್ಗಿನ ಪ್ರಸಂಗ ನಡೆದದ್ದೂ ಅದೇ ಅವಧಿಯಲ್ಲಿ.

ಔಷಧಿಯ ಹೆಸರು ಎನಾಕ್ಸಾಪರಿನ್, 40 ಮಿಲಿಗ್ರಾಂ, ಮೊದಲೇ ತುಂಬಿಸಿಟ್ಟ ಸಿರಿಂಜಿನಲ್ಲಿ. ವಾರ್ಡಿನಲ್ಲಿ ಎಲ್ಲರಿಗೂ ಅದು 'ಹೊಟ್ಟೆ ಇಂಜೆಕ್ಷನ್'. ಹೊಕ್ಕುಳಿನಿಂದ ಎರಡು ಅಂಗುಲವಾದರೂ ದೂರದಲ್ಲಿ, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ, ಚರ್ಮವನ್ನು ಬೆರಳುಗಳ ನಡುವೆ ಮಡಿಕೆಯಾಗಿ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ಔಷಧಿ ನಿಧಾನವಾಗಿ ಒಳಗೆ ಹೋಗಿ ಸೂಜಿ ಹೊರಬರುವವರೆಗೂ ಮಡಿಕೆಯನ್ನು ಬಿಡಬಾರದು. ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬಾರದು, ಹಾಕಹೋದರೆ ಔಷಧಿಯೂ ಒಂದೆರಡು ಹನಿ ಚೆಲ್ಲುತ್ತದೆ. ಚುಚ್ಚಿದ ಜಾಗವನ್ನು ಉಜ್ಜಬಾರದು. ಕೇರಳದ ಹಿರಿಯ ಸಿಸ್ಟರ್ ಒಬ್ಬರು ಇದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದರು. ಅವರು ಕೊಟ್ಟ ಕಡೆ ಗುರುತೇ ಉಳಿಯುತ್ತಿರಲಿಲ್ಲ. ಇನ್ನೊಬ್ಬರು ಅವಸರದಲ್ಲಿ ಚುಚ್ಚಿ, ಹತ್ತಿಯಿಂದ ಚೆನ್ನಾಗಿ ತಿಕ್ಕಿದರು. ಮರುದಿನ ಅಲ್ಲಿ ಐದು ರೂಪಾಯಿ ನಾಣ್ಯದಗಲ ನೇರಳೆ ಬಣ್ಣ ಮೂಡಿತ್ತು. ಮನೆಗೆ ಬಂದು ಸೀರೆ ಉಡಲಾರಂಭಿಸಿದ ಮೇಲೂ ಲಂಗದ ಲಾಡಿ ಕಟ್ಟುವಾಗ ಆ ಜಾಗ ತಾನಿರುವುದನ್ನು ನೆನಪಿಸುತ್ತಿತ್ತು.

ಈ ಔಷಧಿಯನ್ನು ತಯಾರಿಸುವುದು ಹಂದಿಯ ಕರುಳಿನ ಒಳಪದರದಿಂದ ತೆಗೆದ, ಹೆಪ್ಪು ತಡೆಯುವ ವಸ್ತುವಾದ ಹೆಪಾರಿನ್‌ನಿಂದ. ಸಸ್ಯಾಹಾರಿಗಳಾದ ನಮಗೆ ಇದನ್ನು ಮೊದಲೇ ಹೇಳುವುದು ತಮ್ಮ ಕರ್ತವ್ಯವೆಂದು ಭಾವಿಸಿ ವೈದ್ಯರು ತಾವಾಗಿಯೇ ಹೇಳಿದರು, ಮತ್ತು ಬೇಡವೆಂದರೆ ಪ್ರಾಣಿಮೂಲವಲ್ಲದ, ರಾಸಾಯನಿಕವಾಗಿ ತಯಾರಿಸುವ ಫಾಂಡಾಪರಿನಕ್ಸ್ ಎಂಬ ಇನ್ನೊಂದಿದೆ ಎಂದೂ ತಿಳಿಸಿದರು. ನಾನು ಮೊದಲನೆಯದಕ್ಕೇ ಒಪ್ಪಿದೆ. ಅದರ ಪರಿಣಾಮ ಬೇಗ ಇಳಿಯುವುದರಿಂದ, ಶಸ್ತ್ರಚಿಕಿತ್ಸೆ ಎದುರಿಗಿರುವವರಿಗೆ ಅದನ್ನು ನಿಭಾಯಿಸುವುದು ಸುಲಭ ಎಂದು ಅವರು ವಿವರಿಸಿದ್ದು ನನಗೆ ಸರಿಕಂಡಿತು. ಅತ್ತೆಯವರಿಗೆ ಮಾತ್ರ ಈ ವಿಷಯ ಇಂದಿಗೂ ಹೇಳಿಲ್ಲ.

ಇನ್ನು ಚೌಕಗಳ ವಿಷಯ. ಮಗಳು ಇಂಜಿನಿಯರಿಂಗ್ ಓದುತ್ತಿರುವವಳು. ರಜೆ ಹಾಕಿ ಬಂದವಳ ಚೀಲದಲ್ಲಿ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ ಇತ್ತು. ಯಾವ ಔಷಧಿ ಯಾವ ಹೊತ್ತಿಗೆ ಎಂಬುದನ್ನು ಅದರಲ್ಲಿ ಬರೆದುಕೊಳ್ಳಲಾರಂಭಿಸಿದಳು. ಹೊಟ್ಟೆ ಇಂಜೆಕ್ಷನ್ನಿಗೆ ಬೇರೆಯೇ ಒಂದು ಸಾಲು: ದಿನಕ್ಕೊಂದು ಚೌಕ, ಕೊಟ್ಟಾಗ ಅದರೊಳಗೆ ಗಂಟೆ ಮತ್ತು ಎಡವೋ ಬಲವೋ ಎಂಬುದರ ಗುರುತು. 11ರ ಚೌಕ ತುಂಬಿತು, 12ರದೂ ತುಂಬಿತು. 14ರ ಸೋಮವಾರ ಬೆಳಿಗ್ಗೆ ನನ್ನ ಶಸ್ತ್ರಚಿಕಿತ್ಸೆಯೆಂದು ನಿಗದಿಯಾಗಿದ್ದರಿಂದ 13ರ ಇಂಜೆಕ್ಷನ್ ಬೇಡವೆಂದು ಚಾರ್ಟಿನಲ್ಲಿ ಬರೆದರು. ಬೆನ್ನಿನಲ್ಲಿ ನೋವುನಿವಾರಕದ ನಳಿಕೆ ಇಡುವುದಕ್ಕೆ ಹಿಂದಿನ ಡೋಸಿನಿಂದ ಕನಿಷ್ಠ ಹನ್ನೆರಡು ಗಂಟೆ ಕಳೆದಿರಬೇಕು, ಇಲ್ಲವಾದರೆ ಬೆನ್ನುಹುರಿಯ ಸುತ್ತ ರಕ್ತ ಸೇರಿಕೊಳ್ಳುವ ಅಪಾಯವಿದೆ. ಆದ್ದರಿಂದ ನಿಲ್ಲಿಸಿದ್ದರಲ್ಲಿ ತಪ್ಪಿರಲಿಲ್ಲ. ಮಧ್ಯರಾತ್ರಿಯಿಂದ ನೀರನ್ನೂ ಬಿಟ್ಟು ಕಾದೆ. ಬೆಳಿಗ್ಗೆ ಹತ್ತಕ್ಕೆ, ರಾತ್ರಿ ಬಂದ ಬಸ್ ಅಪಘಾತದ ಗಾಯಾಳುಗಳಿಂದ ಓಟಿ (ಆಪರೇಷನ್ ಥಿಯೇಟರ್) ತುಂಬಿದೆ, ನಾಳೆ ಸ್ವಾತಂತ್ರ್ಯ ದಿನದ ರಜೆ, ನಿಮ್ಮದು ಬುಧವಾರ ಎಂದರು. ಆ ಗಾಯಾಳುಗಳಿಗೆ ನನಗಿಂತ ಹೆಚ್ಚು ಅವಸರವಿತ್ತೆಂಬುದು ನನಗೂ ಅರ್ಥವಾಗಿತ್ತು. ಊಟ ಬಂತು, ಡ್ರಿಪ್ ತೆಗೆದರು. ಅಂದು ರಾತ್ರಿ ಎಂಟಾಯಿತು, ಒಂಬತ್ತಾಯಿತು. ಹೊಟ್ಟೆ ಇಂಜೆಕ್ಷನ್ ಬರಲಿಲ್ಲ. ಮಗಳು ಹೋಗಿ ಕೇಳಿದರೆ, "ಚಾರ್ಟಿನಲ್ಲಿ ಹೋಲ್ಡ್ ಅಂತ ಇದೆಯಲ್ಲಮ್ಮ" ಎಂದು ಪಾಳಿಯ ಸಿಸ್ಟರ್ ತೋರಿಸಿದರಂತೆ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದವರು ಊಟವನ್ನು ಮತ್ತೆ ಶುರುಮಾಡಿಸಿದರು, ಬಿ.ಪಿ. ಮಾತ್ರೆಯನ್ನು ಶುರುಮಾಡಿಸಿದರು, ಈ ಒಂದು ಹೋಲ್ಡನ್ನು ತೆಗೆಯುವುದು ಯಾರ ಕೆಲಸವೆಂದು ಯಾರಿಗೂ ಸ್ಪಷ್ಟವಿರಲಿಲ್ಲ.

15ರ ಬೆಳಿಗ್ಗೆ, ಹೊರಗೆ ಧ್ವಜಾರೋಹಣದ ಮೈಕಿನ ಸದ್ದು ಕೇಳುತ್ತಿದ್ದಾಗ, ರೌಂಡ್ಸಿಗೆ ಬಂದ ಡ್ಯೂಟಿ ಡಾಕ್ಟರಿಗೆ ಮಗಳು ನೋಟ್‌ಬುಕ್ ಚಾಚಿ, "ಸರ್, ಈ ಎರಡು ಚೌಕ ಖಾಲಿ ಇವೆ" ಎಂದಳು. ನಾನು ಮಲಗಿದ್ದಲ್ಲೇ ಲೆಕ್ಕ ಹಾಕಿಕೊಂಡೆ. ಅವರು ನೋಡಿದರು, ಚಾರ್ಟನ್ನು ತರಿಸಿದರು, ಒಂದು ಕ್ಷಣ ಏನೂ ಮಾತನಾಡಲಿಲ್ಲ. ಮರುಕ್ಷಣವೇ ಸಿಸ್ಟರನ್ನು ಕರೆದು ಒಂಬತ್ತೂವರೆಗೆ ಇಂಜೆಕ್ಷನ್ ಕೊಡಿಸಿದರು. ಮರುದಿನ ಎಂಟೂವರೆಯ ಶಸ್ತ್ರಚಿಕಿತ್ಸೆಗೆ ಇನ್ನೂ ಇಪ್ಪತ್ತಮೂರು ಗಂಟೆಗಳಿದ್ದುದರಿಂದ ಅದಕ್ಕೇನೂ ಅಡ್ಡಿಯಿರಲಿಲ್ಲ. ಎರಡು ಡೋಸುಗಳ ನಡುವಿನ ಅಂತರ ಇಪ್ಪತ್ತನಾಲ್ಕು ಗಂಟೆಯಿರಬೇಕಾಗಿತ್ತು, ಅರವತ್ತೊಂದೂವರೆ ಗಂಟೆಯಾಗಿತ್ತು. ಇಷ್ಟು ದಿನ ಮಲಗಿ, ನಡುವೆ ಇಷ್ಟು ಅಂತರ ಬಿದ್ದ ಮೇಲೆ ಕಾಲನ್ನು ನೋಡದೆ ಓಟಿಗೆ ಒಯ್ಯಬಾರದೆಂದು ಅಂದೇ ಡಾಪ್ಲರ್ ಸ್ಕ್ಯಾನಿಗೂ ಬರೆದರು. ಮೂಳೆ ಸರಿಪಡಿಸುವಾಗ ಕಾಲನ್ನು ಎಳೆದು ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಹಳೆಯ ಹೆಪ್ಪೊಂದು ಕಳಚಿಕೊಂಡರೆ ಕಷ್ಟ. ರಜೆಯ ದಿನವಾದರೂ ಸಂಜೆ ನಾಲ್ಕಕ್ಕೆ ಮಂಚದ ಬಳಿಗೇ ಯಂತ್ರ ತಂದು, ತಣ್ಣನೆಯ ಜೆಲ್ ಹಚ್ಚಿ, ತೊಡೆಯ ಸಂದಿಯಿಂದ ಮೀನಖಂಡದವರೆಗೆ ಅಭಿಧಮನಿಗಳನ್ನು ಒತ್ತಿ ಒತ್ತಿ ನೋಡಿದರು. ಒತ್ತಿದಾಗ ನಾಳ ಚಪ್ಪಟೆಯಾದರೆ ಒಳಗೆ ಹೆಪ್ಪಿಲ್ಲ. ಎಲ್ಲವೂ ಚಪ್ಪಟೆಯಾದವು.

ಏನೂ ಆಗಲಿಲ್ಲವಲ್ಲ, ಎರಡು ಡೋಸಿಗೆ ಇಷ್ಟೊಂದು ಯಾಕೆ ಎಂದು ನಮ್ಮವರೇ ಕೇಳಿದ್ದುಂಟು. ನನಗೂ ಆ ಪ್ರಶ್ನೆಯಿತ್ತು. ಮನೆಗೆ ಬಂದ ಮೇಲೆ, ಓದುವುದನ್ನು ಬಿಟ್ಟು ಬೇರೇನೂ ಮಾಡಲಾಗದ ದಿನಗಳಲ್ಲಿ, ಮಗಳು ಹುಡುಕಿ ಕೊಟ್ಟ ಒಂದು ಅಧ್ಯಯನವನ್ನು ಓದಿದೆ. 2014ರಲ್ಲಿ ಅಮೆರಿಕದಿಂದ ಪ್ರಕಟವಾದ ಅದರಲ್ಲಿ, ಅಪಘಾತದ ಗಾಯಾಳುಗಳೂ ಇತರ ಶಸ್ತ್ರಚಿಕಿತ್ಸೆಯವರೂ ಸೇರಿ 202 ಮಂದಿಗೆ ಇದೇ ಎನಾಕ್ಸಾಪರಿನ್ ಬರೆದಿದ್ದರು. ಅವರಲ್ಲಿ ಶೇಕಡ 59ರಷ್ಟು ಮಂದಿಗೆ ಒಂದಾದರೂ ಡೋಸ್ ತಪ್ಪಿತ್ತು. ತಪ್ಪಿದವರಲ್ಲಿ ಶೇಕಡ 23.5 ಮಂದಿಯ ಕಾಲಿನಲ್ಲಿ ಹೆಪ್ಪು ಸಿಕ್ಕಿತ್ತು, ಒಂದೂ ತಪ್ಪದವರಲ್ಲಿ ಶೇಕಡ 4.8 ಮಾತ್ರ. ಹೆಚ್ಚು ಪೆಟ್ಟಾದವರಿಗೇ ಡೋಸ್ ತಪ್ಪುವುದೂ ಹೆಚ್ಚು, ಆದ್ದರಿಂದ ಇದಷ್ಟನ್ನೇ ಕಾರಣವೆನ್ನಲಾಗದು ಎಂದು ನನ್ನ ತರಗತಿಯ ಜಾಣ ಹುಡುಗಿಯೊಬ್ಬಳು ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದದ್ದೇ. ಆದರೂ ಔಷಧಿ ಬರೆಯುವುದು ಬೇರೆ, ಅದು ಹೊಟ್ಟೆಯೊಳಕ್ಕೆ ಹೋಗುವುದು ಬೇರೆ ಎಂಬುದು ಆ ಅಂಕಿಗಳಲ್ಲಿ ಎದ್ದು ಕಾಣುತ್ತದೆ.

ಶಸ್ತ್ರಚಿಕಿತ್ಸೆ 16ರಂದು ನಾಲ್ಕೂವರೆ ಗಂಟೆ ನಡೆಯಿತು. ಅದರ ಬಗ್ಗೆ ನಾನು ಬಲ್ಲದ್ದೇನೂ ಇಲ್ಲ. ಗಾಯದ ನಳಿಕೆಯಲ್ಲಿ ರಕ್ತ ಇನ್ನೂ ಒಸರುತ್ತಿದ್ದುದರಿಂದ ಆ ರಾತ್ರಿ ಇಂಜೆಕ್ಷನ್ ಕೊಡದೆ 17ರ ಬೆಳಿಗ್ಗೆ ಎಂಟಕ್ಕೆ ಮತ್ತೆ ಶುರುಮಾಡಿದರು. ಈ ಸಲ ಚಾರ್ಟಿನ ಮೇಲ್ಭಾಗದಲ್ಲಿ ಯಾರೋ ಕೆಂಪು ಶಾಯಿಯಲ್ಲಿ, ನಿಲ್ಲಿಸಿದರೆ ಮತ್ತೆ ಶುರುಮಾಡುವ ದಿನಾಂಕವನ್ನೂ ಬರೆಯಬೇಕೆಂದು ಸೂಚಿಸಿದ್ದರು. 18ರಂದು ಬೆನ್ನಿನ ನಳಿಕೆಯನ್ನು ತೆಗೆಯುವಾಗಲೂ ಅದೇ ಗಡಿಯಾರದ ಶಿಸ್ತು: ಹಿಂದಿನ ಡೋಸಿನಿಂದ ಹನ್ನೆರಡು ಗಂಟೆಗೂ ಹೆಚ್ಚು ಕಳೆದಿದೆಯೆಂದು ನೋಡಿಕೊಂಡು ಎಂಟೂಕಾಲಿಗೆ ತೆಗೆದರು, ತೆಗೆದ ನಾಲ್ಕು ಗಂಟೆಗಳ ನಂತರ, ಹನ್ನೆರಡೂವರೆಗೆ, ಇಂಜೆಕ್ಷನ್. ಕೇರಳದ ಸಿಸ್ಟರ್ ಎರಡೂ ಹೊತ್ತನ್ನು ಮಗಳ ನೋಟ್‌ಬುಕ್ಕಿನಲ್ಲಿ ತಾವೇ ಬರೆದರು. ಹೆಪಾರಿನ್ ಜಾತಿಯ ಔಷಧಿಗಳಿಂದ ಕೆಲವರಿಗೆ ಐದರಿಂದ ಹತ್ತನೆಯ ದಿನದ ಹೊತ್ತಿಗೆ ಪ್ಲೇಟ್‌ಲೆಟ್ ಕುಸಿದು, ವಿಚಿತ್ರವೆಂಬಂತೆ ಹೆಪ್ಪು ಕಟ್ಟುವುದೇ ಹೆಚ್ಚುತ್ತದಂತೆ. ಅದಕ್ಕಾಗಿ ಎರಡು ಸಲ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಕೆಯನ್ನು ನೋಡಿದರು. ಕುಸಿದಿರಲಿಲ್ಲ. ಇದರ ನಡುವೆ ಫಿಸಿಯೋಥೆರಪಿಯ ಹುಡುಗಿ ದಿನಕ್ಕೆರಡು ಸಲ ಬಂದು, ಎಚ್ಚರವಿದ್ದಾಗಲೆಲ್ಲ ಪಾದವನ್ನು ಹಿಂದೆ ಮುಂದೆ ಮಡಿಸುತ್ತಿರಬೇಕು ಎಂದು ನನ್ನನ್ನು ಗದರಿಸಿ ಹೋಗುತ್ತಿದ್ದಳು. ಶಿಕ್ಷಕಿಯನ್ನು ಗದರಿಸುವ ಅವಕಾಶ ಸಿಕ್ಕಿದ್ದು ಅವಳಿಗೆ ಖುಷಿ ಕೊಟ್ಟಂತಿತ್ತು.

20ರ ಭಾನುವಾರ ಮಧ್ಯಾಹ್ನ ಎದೆಯ ಬಲಭಾಗದಲ್ಲಿ ಉಸಿರೆಳೆದಾಗ ಚುಚ್ಚಿದಂತಾಯಿತು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕ 91, ನಾಡಿ 118. ವಾರ್ಡಿನಲ್ಲಿ ಎಲ್ಲರ ನಡಿಗೆಯೂ ಒಮ್ಮೆಲೇ ಚುರುಕಾಯಿತು. ಮೈಯೊಳಗೆ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯೊಂದಿದೆ, ಅದನ್ನು ಮಾಡಿ ನೋಡಬಾರದೇ ಎಂದು ಫೋನಿನಲ್ಲಿ ಓದಿಕೊಂಡಿದ್ದ ನನ್ನ ತಮ್ಮ ಕೇಳಿದ. ಇಷ್ಟು ದೊಡ್ಡ ಪೆಟ್ಟು, ಅದರ ಮೇಲೆ ಶಸ್ತ್ರಚಿಕಿತ್ಸೆ ಆದವರಲ್ಲಿ ಅದು ಹೇಗೂ ಏರಿರುತ್ತದೆ, ಅದರಿಂದ ಇಲ್ಲಿ ಏನೂ ತಿಳಿಯುವುದಿಲ್ಲ ಎಂದು ಹೇಳಿ, ನೇರವಾಗಿ ಶ್ವಾಸಕೋಶದ ನಾಳಗಳ ಸಿ.ಟಿ. ಆಂಜಿಯೋಗ್ರಾಂಗೆ ಒಯ್ದರು. ಕೈಗೆ ಹಾಕಿದ ಬಣ್ಣದ ಔಷಧಿ ಮೈಯೆಲ್ಲ ಬಿಸಿಯಾಗಿ ಹರಿದದ್ದೂ, ಸ್ಕ್ಯಾನಿನ ಕೊಠಡಿಯ ಚಾವಣಿಯಲ್ಲಿ ಒಂದು ಟ್ಯೂಬ್‌ಲೈಟ್ ಮಿನುಗುತ್ತಿದ್ದುದೂ ಚೆನ್ನಾಗಿ ನೆನಪಿವೆ. ಆ ಇಪ್ಪತ್ತು ನಿಮಿಷ ನನ್ನ ಮನಸ್ಸಿನಲ್ಲಿದ್ದದ್ದು ಆ ಎರಡು ಖಾಲಿ ಚೌಕಗಳು. ಹೆಪ್ಪು ಇರಲಿಲ್ಲ. ಮಲಗಿ ಮಲಗಿ, ನೋವಿಗೆ ಹೆದರಿ ಅರ್ಧ ಉಸಿರಾಡಿದ್ದರಿಂದ ಬಲ ಶ್ವಾಸಕೋಶದ ಬುಡ ಸ್ವಲ್ಪ ಮುದುಡಿಕೊಂಡಿತ್ತು. ಮೂರು ಚೆಂಡುಗಳ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು ಗಂಟೆಗೊಮ್ಮೆ ಉಸಿರೆಳೆದು ಚೆಂಡುಗಳನ್ನು ಮೇಲೇರಿಸಲು ಹೇಳಿದರು. ಎರಡು ದಿನದಲ್ಲಿ ಮೂರನೆಯ ಚೆಂಡೂ ಮೇಲೇರಿತು.

24ರಂದು ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ಬಂದು ಕುಳಿತು ಮಾತನಾಡಿದರು. ಎಡಗಾಲಿನ ಮೇಲೆ ಹನ್ನೆರಡು ವಾರ ಭಾರ ಹಾಕುವಂತಿಲ್ಲ, ಆದ್ದರಿಂದ ಹೆಪ್ಪಿನ ಅಪಾಯ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಇಂಜೆಕ್ಷನ್ನನ್ನೇ ಮುಂದುವರಿಸಬಹುದು, ಅಥವಾ ಆಸ್ಪಿರಿನ್ ಮಾತ್ರೆಗೆ ಬದಲಾಯಿಸಬಹುದು, ಅದರ ಬಗ್ಗೆ ಇದೇ ವರ್ಷದ ಜನವರಿಯಲ್ಲಿ ದೊಡ್ಡದೊಂದು ಅಧ್ಯಯನ ಬಂದಿದೆ ಎಂದರು. ಅಮೆರಿಕ ಮತ್ತು ಕೆನಡಾದ 21 ಆಸ್ಪತ್ರೆಗಳಲ್ಲಿ, ಕೈಕಾಲಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಅಥವಾ ಸೊಂಟದ ಮೂಳೆ ಮುರಿದ 12,211 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆರಡು ಸಲ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ದಿನಕ್ಕೆರಡು ಸಲ 30 ಮಿಲಿಗ್ರಾಂ ಎನಾಕ್ಸಾಪರಿನ್. ತೊಂಬತ್ತು ದಿನಗಳಲ್ಲಿ ತೀರಿಕೊಂಡವರು ಆಸ್ಪಿರಿನ್ ಗುಂಪಿನಲ್ಲಿ ಶೇಕಡ 0.78, ಇಂಜೆಕ್ಷನ್ ಗುಂಪಿನಲ್ಲಿ 0.73. ಶ್ವಾಸಕೋಶಕ್ಕೆ ಹೆಪ್ಪು ಹೋದದ್ದು ಎರಡರಲ್ಲೂ 1.49. ಕಾಲಿನಲ್ಲಿ ಹೆಪ್ಪು ಕಟ್ಟಿದ್ದು ಮಾತ್ರ 2.51 ಮತ್ತು 1.71. ವೈದ್ಯರೊಬ್ಬರು ರೋಗಿಯ ಮುಂದೆ ಅಂಕಿಗಳನ್ನು ಹೀಗೆ ಬಿಡಿಸಿಟ್ಟದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಯೋಚಿಸಿ, ನನ್ನ ಬಟ್ಟಲು ಒಡೆದಿರುವುದನ್ನೂ ನಡುವೆ ಬಿದ್ದ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಶಸ್ತ್ರಚಿಕಿತ್ಸೆಯ ನಂತರದ ಇಪ್ಪತ್ತೆಂಟು ದಿನ ಇಂಜೆಕ್ಷನ್, ಆಮೇಲೆ ನಡೆಯುವವರೆಗೆ ಆಸ್ಪಿರಿನ್ ಎಂದು ತೀರ್ಮಾನಿಸಿದೆವು. ನಮ್ಮ ಅಂಗಡಿಗಳಲ್ಲಿ ಸಿಗುವುದು 75 ಮಿಲಿಗ್ರಾಂ ಆದ್ದರಿಂದ ಅದನ್ನೇ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದರು. ತಲೆಯ ಪೆಟ್ಟಿನ ಕಾರಣಕ್ಕೆ ನರಶಸ್ತ್ರಚಿಕಿತ್ಸೆಯವರ ಸಹಿಯನ್ನೂ ಹಾಕಿಸಿದರು. ಅಂದಿನವರೆಗೆ ಹನ್ನೊಂದು ಸೂಜಿಗಳಾಗಿದ್ದವು, ಇನ್ನು ಇಪ್ಪತ್ತು ಬಾಕಿ.

ಮಗಳು ಕಾಲೇಜಿಗೆ ಮರಳಬೇಕಾಗಿತ್ತು. ಇಂಜೆಕ್ಷನ್ ಕೊಡುವುದನ್ನು ಕಲಿತವರು ನಮ್ಮ ಯಜಮಾನರು. ಕೊಬ್ಬರಿ ವ್ಯಾಪಾರದಲ್ಲಿ ಯಾವ ಹರಾಜಿಗೂ ಅಳುಕದವರು ಒಂದು ಸೂಜಿ ಹಿಡಿದು ಬೆವರಿದರು. ಮೊದಲ ದಿನ ಗಾಳಿಗುಳ್ಳೆಯನ್ನು ಹೊರಹಾಕಲು ಹೋದರು, ಎರಡನೆಯ ದಿನ ಮಡಿಕೆಯನ್ನು ಬೇಗ ಬಿಟ್ಟರು. ನಾಲ್ಕನೆಯ ದಿನದಿಂದ ಕೇರಳದ ಸಿಸ್ಟರಿಗೆ ಸರಿಸಮನಾದರು. ಬಳಸಿದ ಸಿರಿಂಜುಗಳನ್ನು ಕಸಕ್ಕೆ ಹಾಕದೆ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಕೂಡಿಟ್ಟು ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟೆವು.

ಆಸ್ಪತ್ರೆಯಿಂದ ತಂದಿದ್ದ ಹತ್ತು ಸಿರಿಂಜುಗಳು ಸೆಪ್ಟೆಂಬರ್ 3ಕ್ಕೆ ಮುಗಿಯುವುದರಲ್ಲಿದ್ದವು. ಊರಿನ ಔಷಧಿ ಅಂಗಡಿಯಲ್ಲಿ ಕೇಳಿದರೆ 60 ಮಿಲಿಗ್ರಾಮಿನದು ಮಾತ್ರ ಇದೆ, ಅದೇ ಔಷಧಿ, ಕೊಡಿ ಏನೂ ಆಗುವುದಿಲ್ಲ ಎಂದು ಕಟ್ಟಿಕೊಡಲು ಬಂದರಂತೆ. ಮೂರು ವಾರಗಳ ಹಿಂದೆ ತಲೆಯೊಳಗೆ ರಕ್ತ ಸುರಿಸಿಕೊಂಡವಳಿಗೆ ಒಂದೂವರೆ ಪಟ್ಟು! ಯಜಮಾನರು ಕೊಳ್ಳದೆ ಬಂದದ್ದು ನನ್ನ ಪುಣ್ಯ. ವಾರ್ಡಿಗೆ ಫೋನು ಮಾಡಿದಾಗ, 40 ಸಿಗುವವರೆಗೆ ಹುಡುಕಿ, ಆದರೆ ನಾಳೆಯ ಡೋಸ್ ತಪ್ಪಬಾರದು ಎಂದರು. ತುಮಕೂರಿನಲ್ಲಿರುವ ನಾದಿನಿ ಅಂಗಡಿಯಿಂದ ಅಂಗಡಿಗೆ ಅಲೆದು ಹತ್ತು ಸಿರಿಂಜುಗಳನ್ನು ಕೊಂಡು, ಬಸ್ ನಿಲ್ದಾಣದಲ್ಲಿ ಪರಿಚಯದ ಕಂಡಕ್ಟರರ ಕೈಗೆ ಪೊಟ್ಟಣ ಕೊಟ್ಟು, "ಬಿಸಿಲಿಗೆ ಇಡಬೇಡಿ ಅಣ್ಣ" ಎಂದು ಹೇಳಿ ಕಳಿಸಿದಳು. 4ರ ಚೌಕ ಮಧ್ಯಾಹ್ನ ಹನ್ನೆರಡೂವರೆಯ ಬದಲು ಎರಡೂ ಹತ್ತಕ್ಕೆ ತುಂಬಿತು.

ಕಾಲು ಸಂಜೆಯ ಹೊತ್ತಿಗೆ ಊದಿಕೊಳ್ಳುವುದನ್ನು ಕಂಡು ಅತ್ತೆಯವರು ಹರಳೆಣ್ಣೆ ಬಿಸಿಮಾಡಿ ತಂದು, ನೀವಿದರೆ ಇಳಿಯುತ್ತದೆ ಎಂದು ಕುಳಿತರು. ನಾನು ಕಾಲು ಎಳೆದುಕೊಂಡದ್ದು ಅವರಿಗೆ ನೋವಾಯಿತು. ಒಳಗೆ ಹೆಪ್ಪು ಇದ್ದರೆ ನೀವಿದಾಗ ಅದು ಕಳಚಿಕೊಳ್ಳಬಹುದೆಂದು ವಿವರಿಸಿದೆ. "ನೋವಿಲ್ಲ ಅಂತೀಯ, ಹೆಪ್ಪು ಎಲ್ಲಿಂದ ಬರುತ್ತದೆ?" ಎಂದರು. ಎಲ್ಲರೂ ನಂಬುವುದು ಹೀಗೆಯೇ, ನಾನೂ ನಂಬಿದ್ದೆ. ಟೊರೊಂಟೊದ ಸನ್ನಿಬ್ರೂಕ್ ಆಸ್ಪತ್ರೆಯವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಪ್ಪು ತಡೆಯುವ ಯಾವ ಚಿಕಿತ್ಸೆಯನ್ನೂ ಪಡೆಯದ 349 ಗಾಯಾಳುಗಳ ಕಾಲಿನ ನಾಳಗಳಿಗೆ ಬಣ್ಣದ ಔಷಧಿ ಹಾಯಿಸಿ ಎಕ್ಸ್‌ರೇ ತೆಗೆದಿದ್ದರು. 201 ಮಂದಿಯಲ್ಲಿ ಹೆಪ್ಪು ಕಂಡಿತು. ಅವರಲ್ಲಿ ಪರೀಕ್ಷೆಗೆ ಮುಂಚೆ ಹೆಪ್ಪಿನ ಅನುಮಾನ ಬರುವಂಥ ಲಕ್ಷಣಗಳಿದ್ದವರು ಕೇವಲ ಮೂವರು. ಅತ್ತೆಯವರಿಗೆ ಇದನ್ನು ಓದಿ ಹೇಳಿದೆ. ಎಣ್ಣೆಯ ಬಟ್ಟಲನ್ನು ಒಳಗೆ ಒಯ್ದಿಟ್ಟರು. ಒಪ್ಪಿದರೋ, ಸೊಸೆಯ ಜೊತೆ ವಾದ ಬೇಡವೆಂದುಕೊಂಡರೋ ತಿಳಿಯದು.

ಸೆಪ್ಟೆಂಬರ್ 13ರಂದು ಮೂವತ್ತೊಂದನೆಯ ಸೂಜಿ. ಆಸ್ಪಿರಿನ್ ನವೆಂಬರ್ 8ರವರೆಗೆ ನಡೆಯಿತು. ಆ ದಿನ ವಾಕರ್ ಹಿಡಿದು ಎಡಗಾಲನ್ನು ನೆಲಕ್ಕೆ ಊರಲು ಒಪ್ಪಿಗೆ ಸಿಕ್ಕಿತು. ತಪಾಸಣೆಗೆ ಹೋದಾಗ ನೋಟ್‌ಬುಕ್ಕನ್ನೂ ಒಯ್ದಿದ್ದೆ. ತರುಣ ವೈದ್ಯರು ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಆಗಸ್ಟ್ 13ರ ಚೌಕದ ಮೇಲೆ ಬೆರಳಿಟ್ಟು, "ಇದನ್ನು ನಾವೇ ಬೇಕೆಂದು ನಿಲ್ಲಿಸಿದ್ದು ಮೇಡಂ, ಅದು ತಪ್ಪಿದ್ದಲ್ಲ" ಎಂದರು. ನಂತರ ಬೆರಳನ್ನು 14ರ ಚೌಕಕ್ಕೆ ಸರಿಸಿದರು. "ಇದು ತಪ್ಪಿದ್ದು."